ಗ್ಯಾರೇಜ್ ಕಟ್ಟೆ: ಸೈಲೆನ್ಸರ್ ಬಿಚ್ಚುವ ಮುಂಚೆ

ಮಳೆಗಾಲ ಮುಗಿಯುತ್ತಿದ್ದ ಹಾಗೇ ಸೈಲೆನ್ಸರ್ ಕಾಗದಗಳು ಶುರುವಾಗುತ್ತವೆ. ತೂತು, ತುಕ್ಕು, ಸದ್ದು, ಮುರಿದ ಸ್ಟಡ್ಡು (ನಟ್ಟು ಕೂರುವ ತಿರುಪು ಕಡ್ಡಿ). ಹಾಗಾಗಿ ಈ ತಿಂಗಳು ಕಾರ್ಬ್ಯುರೇಟರ್, ಬ್ಯಾಟರಿ ವಿಚಾರವೆಲ್ಲ ಪಕ್ಕಕ್ಕಿಟ್ಟು ಇದೊಂದನ್ನೇ ಹಿಡಿದುಕೊಂಡಿದ್ದೇನೆ.

ಪ್ರಶ್ನೆ: ನನ್ನದು 2012ರ ಸ್ಪ್ಲೆಂಡರ್ ಪ್ಲಸ್. ಸೈಲೆನ್ಸರಿನ ತಳ ತುಕ್ಕು ಹಿಡಿದು ತೂತಾಗಿದೆ. ಆಯಿಲ್ ಬದಲಿಸುವುದು, ಚೈನ್ ಬಿಗಿ ಮಾಡುವುದು ಎಲ್ಲ ನಾನೇ ಮಾಡಿಕೊಳ್ಳುತ್ತೇನೆ. ಹೊಸ ಸೈಲೆನ್ಸರನ್ನೂ ಮನೆಯಲ್ಲೇ ಹಾಕಬಹುದೇ? ತೂತಾಗಲು ನಮ್ಮ ಕಡಲತೀರದ ಉಪ್ಪುಗಾಳಿಯೇ ಕಾರಣವೇ?
— ಶಾಲಾ ಶಿಕ್ಷಕರು, ಕುಂದಾಪುರ

ಉತ್ತರ: ಧಾರಾಳವಾಗಿ ಹಾಕಬಹುದು ಮೇಷ್ಟ್ರೇ. ಕಾರಣದ ಪ್ರಶ್ನೆ ಮೊದಲು ಮುಗಿಸುತ್ತೇನೆ. ಉಪ್ಪುಗಾಳಿ ಹೊರಗಿನಿಂದ ತಿನ್ನುತ್ತೆ, ನಿಜ. ಆದರೆ ತಳ ತೂತಾಗುವುದು ಹೆಚ್ಚಾಗಿ ಒಳಗಿನಿಂದ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು ಒಂದು ಲೀಟರ್ ನೀರು ಹುಟ್ಟುತ್ತೆ. ಆವಿಯಾಗಿ ಹೋಗುವುದರಿಂದ ನಮ್ಮ ಕಣ್ಣಿಗೆ ಬೀಳಲ್ಲ, ಅಷ್ಟೇ. ಗಾಡಿ ಚೆನ್ನಾಗಿ ಬಿಸಿಯಾಗುವಷ್ಟು ಓಡಿದರೆ ಆ ಆವಿ ಬಾಲದಿಂದ ಹೊರಟುಹೋಗುತ್ತೆ. ಮನೆಯಿಂದ ಶಾಲೆಗೆ ಎರಡು ಕಿಲೋಮೀಟರ್, ಶಾಲೆಯಿಂದ ಮನೆಗೆ ಎರಡು ಕಿಲೋಮೀಟರ್ ಎನ್ನುವ ಗಾಡಿಯಲ್ಲಿ ಸೈಲೆನ್ಸರಿನ ಹಿಂಭಾಗ ಸರಿಯಾಗಿ ಬಿಸಿಯೇ ಆಗಲ್ಲ. ಆವಿ ಅಲ್ಲೇ ತಣಿದು, ಹೊಗೆಯ ಜೊತೆ ಸೇರಿ ಹುಳಿನೀರಾಗಿ ತಳದಲ್ಲಿ ನಿಲ್ಲುತ್ತೆ. ಬಹಳಷ್ಟು ಸೈಲೆನ್ಸರ್‌ಗಳ ತಳದಲ್ಲಿ ನೀರು ಜಿನುಗಿ ಹೋಗಲೆಂದೇ ಕಂಪನಿಯವರು ಸೂಜಿಯಂಥ ಒಂದು ರಂಧ್ರ ಬಿಟ್ಟಿರುತ್ತಾರೆ. 'ಲೀಕ್' ಅಂತ ಅದನ್ನು ವೆಲ್ಡ್ ಮಾಡಿಸಿ ಮುಚ್ಚಿಸುವವರನ್ನು ನೋಡಿದ್ದೇನೆ. ಹೊಸದರಲ್ಲಿ ಅಂಥ ರಂಧ್ರ ಕಂಡರೆ ಮುಚ್ಚಬೇಡಿ, ಕೆಸರು ಕೂತರೆ ತಂತಿಯಿಂದ ಚುಚ್ಚಿ ಬಿಡಿಸಿ. ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ಹೆದ್ದಾರಿಯಲ್ಲಿ ಓಡಿಸಿ.

ಈಗ ಕೆಲಸ. ಸೈಲೆನ್ಸರ್ ಬದಲಿಸುವುದು ಅಂದರೆ ಎಂಜಿನ್ ಹೆಡ್ಡಿನ (ಸಿಲಿಂಡರಿನ ತುದಿ ಮುಚ್ಚುವ ಭಾಗ) ಹತ್ತಿರ ಇರುವ ಎರಡು ನಟ್ಟು ಬಿಚ್ಚುವುದು. ಮಿಕ್ಕಿದ್ದೆಲ್ಲ ಬರೀ ಭಾರ ಹೊರುವ ಕೆಲಸ. ನಿಮ್ಮ ಸ್ಪ್ಲೆಂಡರಿನಲ್ಲಿ ಎಂಜಿನ್ ಮುಂದಕ್ಕೆ ಮಲಗಿದೆ, ಹೊಗೆಯ ಬಾಯಿ ಕೆಳಮುಖ. ಮುಂದಿನ ಚಕ್ರ ಎರಚುವ ಕೆಸರೆಲ್ಲ ನೇರವಾಗಿ ಆ ಎರಡು ನಟ್ಟಿನ ಮೇಲೇ ಬೀಳುತ್ತೆ. ಮೇಲೆ ಬೆಂಕಿಯಂಥ ಶಾಖ, ಕೆಳಗಿನಿಂದ ನೀರು. ಇಷ್ಟು ವರ್ಷ ಹೀಗೆ ಬೆಂದ ನಟ್ಟು ಸ್ಪ್ಯಾನರ್ ತೋರಿಸಿದ ಕೂಡಲೇ ಬಿಚ್ಚಿಕೊಳ್ಳಲ್ಲ. ಒಳಗಿನ ಸ್ಟಡ್ಡಾದರೋ ಬರೀ 6 ಮಿಲಿಮೀಟರ್ ದಪ್ಪದ್ದು. ಮೊಂಡು ಬಲ ಹಾಕಿದರೆ ನಟ್ಟಿನ ಬದಲು ಸ್ಟಡ್ಡೇ ತಿರುಚಿಕೊಂಡು ಮುರಿಯುತ್ತೆ.

ಆದ್ದರಿಂದ ಕೆಲಸ ಹಿಂದಿನ ದಿನ ಸಂಜೆಯೇ ಶುರುವಾಗಬೇಕು. ಎಂಜಿನ್ ತಣ್ಣಗಾದ ಮೇಲೆ ವೈರ್ ಬ್ರಷ್ಷಿನಿಂದ ಸ್ಟಡ್ಡಿನ ತುದಿಯ ಮಣ್ಣು, ತುಕ್ಕು ಉಜ್ಜಿ ತೆಗೆಯಿರಿ. ಇದನ್ನು ಮಾಡದೆ ಎಣ್ಣೆ ಹಾಕಿದರೆ ಎಣ್ಣೆ ಕುಡಿಯುವುದು ಮಣ್ಣು, ಥ್ರೆಡ್ ಅಲ್ಲ. ಆಮೇಲೆ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ, ಊಟ ಆದ ಮೇಲೆ ಇನ್ನೊಂದು ಸಲ ಸಿಂಪಡಿಸಿ ಮಲಗಿ. ಡಬ್ಲ್ಯುಡಿ-40 ನಡೆಯುತ್ತೆ. ಅಂಗಡಿಯಲ್ಲಿ 'ರಸ್ಟ್ ರಿಮೂವರ್ ಸ್ಪ್ರೇ' ಅಂತ ಕೇಳಿದರೆ ಬೇರೆಯವೂ ಸಿಗುತ್ತವೆ. ಬ್ರೇಕ್ ಲೈನರ್ ಕಡೆಗೆ ಮಾತ್ರ ಹಾರದ ಹಾಗೆ ಬಟ್ಟೆ ಅಡ್ಡ ಹಿಡಿಯಿರಿ.

ಬೆಳಿಗ್ಗೆ ಗಾಡಿಯನ್ನು ಡಬಲ್ ಸ್ಟ್ಯಾಂಡ್ ಹಾಕಿ. ಎರಡು-ಮೂರು ನಿಮಿಷ ಎಂಜಿನ್ ಚಾಲೂ ಮಾಡಿ ನಿಲ್ಲಿಸಿ. ಹೆಡ್ಡು ಅಲ್ಯುಮಿನಿಯಂ, ಸ್ಟಡ್ಡು ಉಕ್ಕು. ಬಿಸಿಗೆ ಎರಡೂ ಒಂದೇ ಸಮ ಹಿಗ್ಗಲ್ಲ, ಆ ಎಳೆದಾಟದಲ್ಲಿ ತುಕ್ಕಿನ ಹಿಡಿತ ಬಿರಿಯುತ್ತೆ. ಈ ಕೆಲಸ ಬಯಲಲ್ಲಿ ಮಾಡಿ, ಮುಚ್ಚಿದ ಶೆಡ್ಡಿನಲ್ಲಿ ಗಾಡಿ ಚಾಲೂ ಮಾಡಬೇಡಿ. ಕೈಗೆ ಸುಡದಷ್ಟು ತಣಿದ ಮೇಲೆ ಹತ್ತರ ಟಿ ಸ್ಪ್ಯಾನರ್ ಅಥವಾ ಬಾಕ್ಸ್ ಸ್ಪ್ಯಾನರ್ ಹಾಕಿ. ಓಪನ್ ಸ್ಪ್ಯಾನರ್ ಬೇಡ, ಅದು ಎರಡೇ ಮೂಲೆ ಹಿಡಿಯುತ್ತೆ, ನಟ್ಟು ಗುಂಡಗಾಗುತ್ತೆ. ಕಾಲು ಸುತ್ತು ಬಿಚ್ಚಿ, ಅರೆಪಾವು ಸುತ್ತು ಮತ್ತೆ ಬಿಗಿ ಮಾಡಿ, ಎಣ್ಣೆ ಬಿಟ್ಟು, ಮತ್ತೆ ಬಿಚ್ಚಿ. ಹಿಂದೆ ಮುಂದೆ ಆಡಿಸುತ್ತಾ ಹೋದರೆ ಪುಡಿಯಾದ ತುಕ್ಕು ಹೊರಗೆ ಬರುತ್ತೆ. ನಟ್ಟು ರಬ್ಬರಿನ ಹಾಗೆ ಎಳೆದಂತೆ ಕೈಗೆ ಅನ್ನಿಸಿದರೆ ಅಲ್ಲೇ ನಿಲ್ಲಿಸಿ. ಅದು ಸ್ಟಡ್ಡು ತಿರುಚಿಕೊಳ್ಳುತ್ತಿರುವ ಲಕ್ಷಣ. ಮತ್ತೆ ಎಣ್ಣೆ, ಮತ್ತೆ ಕಾಯುವುದು.

ಎರಡೂ ನಟ್ಟು ಬಂದ ಮೇಲೆ ಹಿಂದಿನ ಬೋಲ್ಟು ಬಿಚ್ಚಿ. ಬಿಚ್ಚುವಾಗ ಸೈಲೆನ್ಸರಿಗೆ ಕೆಳಗಿನಿಂದ ಇಟ್ಟಿಗೆಯೋ ಮರದ ತುಂಡೋ ಆಸರೆ ಇರಲಿ. ಮಗನನ್ನು ಹಿಡಿದುಕೊಳ್ಳಲು ನಿಲ್ಲಿಸಿದರೂ ಆದೀತು, ಆದರೆ ಹುಡುಗರ ಕಣ್ಣು ಮೊಬೈಲಿನ ಮೇಲಿರುತ್ತೆ. ಡಬಲ್ ಸ್ಟ್ಯಾಂಡ್ ಮಡಚಿದಾಗ ತಾಗುವ ರಬ್ಬರ್ ಬುಷ್ಷು ಹಳೆಯ ಸೈಲೆನ್ಸರಿನಲ್ಲೇ ಇದ್ದರೆ ಅದನ್ನು ಎತ್ತಿಟ್ಟುಕೊಳ್ಳಿ. ಹೊಸದರ ಜೊತೆ ಅದು ಬರಲ್ಲ.

ಈಗ ಎಲ್ಲರೂ ಮರೆಯುವ ಜಾಗಕ್ಕೆ ಬಂದೆವು. ಹೆಡ್ಡಿನ ಬಾಯೊಳಗೆ ಬೆರಳು ಹಾಕಿ ನೋಡಿ. ಅಲ್ಲಿ ಒಂದು ಉಂಗುರ ಕೂತಿರುತ್ತೆ. ನಾವು ಪ್ಯಾಕಿಂಗ್ ಅಂತೀವಿ, ಕೆಲವರು ತಾಮ್ರದ ವಾಷರ್ ಅಂತಾರೆ. ಮಸಿ ಹಿಡಿದು ಹೆಡ್ಡಿನ ಬಣ್ಣವೇ ಬಂದಿರುವುದರಿಂದ ಗುರುತೇ ಸಿಗಲ್ಲ. ಸಣ್ಣ ಸ್ಕ್ರೂಡ್ರೈವರ್ ಮೊನೆಯಿಂದ ಅಂಚು ಎಬ್ಬಿಸಿ ತೆಗೆಯಿರಿ, ಅಲ್ಯುಮಿನಿಯಂ ಗೀಚದ ಹಾಗೆ. ಈ ಉಂಗುರ ಒಂದೇ ಸಲಕ್ಕೆ. ಬಿಗಿ ಮಾಡಿದಾಗ ಜಜ್ಜಿಕೊಂಡು ಸಂದು ಮುಚ್ಚುವುದೇ ಅದರ ಕೆಲಸ, ಒಮ್ಮೆ ಜಜ್ಜಿದ್ದು ಇನ್ನೊಮ್ಮೆ ಮುಚ್ಚಲ್ಲ. ಹೊಸದಕ್ಕೆ ಒಂದು ಮಸಾಲೆ ದೋಸೆಯಷ್ಟೂ ಖರ್ಚಿಲ್ಲ. ಹಳೆಯದು ಒಳಗಿರುವಾಗಲೇ ಮೇಲೊಂದು ಹೊಸದು ಹಾಕಿದರೆ ಪೈಪು ಓರೆಯಾಗಿ ಕೂರುತ್ತೆ, ಜನ್ಮದಲ್ಲಿ ಲೀಕ್ ನಿಲ್ಲಲ್ಲ. ಹೊಸ ಉಂಗುರ ಬಾಯಲ್ಲಿ ನಿಲ್ಲದೆ ಬೀಳುತ್ತಿದ್ದರೆ ಚೂರು ಗ್ರೀಸ್ ಹಚ್ಚಿ ಅಂಟಿಸಿ, ಅದು ಆಮೇಲೆ ಉರಿದುಹೋಗುತ್ತೆ.

ಸ್ಟಡ್ಡುಗಳ ಥ್ರೆಡ್ ಉಜ್ಜಿ, ತಾಮ್ರದ ಪುಡಿ ಬೆರೆತ, ನಟ್ಟು ಮತ್ತೆ ಹಿಡಿದುಕೊಳ್ಳದಂತೆ ತಡೆಯುವ ಆ್ಯಂಟಿ-ಸೀಜ್ ಗ್ರೀಸ್ ತೆಳ್ಳಗೆ ಹಚ್ಚಿ. ನಟ್ಟು ಹೊಸವೇ ಇರಲಿ. ಜೋಡಿಸುವಾಗ ಕ್ರಮ ಮುಖ್ಯ. ಹೆಡ್ಡಿನ ನಟ್ಟುಗಳನ್ನೂ ಹಿಂದಿನ ಬೋಲ್ಟನ್ನೂ ಮೊದಲು ಬೆರಳಲ್ಲಿ ಮಾತ್ರ ತಿರುಗಿಸಿ, ಸೈಲೆನ್ಸರ್ ಇನ್ನೂ ಅಲ್ಲಾಡುತ್ತಿರಬೇಕು. ಆಮೇಲೆ ಹೆಡ್ಡಿನ ಎರಡು ನಟ್ಟನ್ನು ಅದಕ್ಕೆ ಅರ್ಧ ಸುತ್ತು, ಇದಕ್ಕೆ ಅರ್ಧ ಸುತ್ತು ಎಂದು ಸಮವಾಗಿ ಬಿಗಿ ಮಾಡಿ. ಹಿಂದಿನ ಬೋಲ್ಟು ಕೊನೆಗೆ. ಇದನ್ನು ತಿರುಗುಮುರುಗು ಮಾಡಿದರೆ ಪೈಪು ಬಿಲ್ಲಿನ ಹಾಗೆ ಎಳೆದು ಕೂರುತ್ತೆ. ಆ ಎಳೆತ ಎಂಜಿನ್ನಿನ ನಡುಕದ ಜೊತೆ ಸೇರಿ ಕೆಲವೇ ತಿಂಗಳಲ್ಲಿ ಬೆಂಡ್ ಪೈಪಿನ (ಹೆಡ್ಡಿನಿಂದ ಹೊರಡುವ ಬಾಗಿದ ಪೈಪು) ಬೆಸುಗೆಯನ್ನೋ ಸ್ಟಡ್ಡನ್ನೋ ಬಲಿ ತೆಗೆದುಕೊಳ್ಳುತ್ತೆ. ಹಿಂದಿನ ಬೋಲ್ಟಿನ ತೂತು ಸೇರದಿದ್ದರೆ ಸನ್ನೆಕೋಲು ಹಾಕಿ ಎಳೆಯಬೇಡಿ, ಮುಂದೆ ಸಡಿಲ ಮಾಡಿ ಕೂರಿಸಿ. ಆಗಲೂ ಸೇರದಿದ್ದರೆ ನಿಮಗೆ ಮಾರಿದ್ದು ಡೂಪ್ಲಿಕೇಟು, ವಾಪಸ್ ಕೊಡಿ. ತೂಕ ನೋಡಿದರೂ ಗೊತ್ತಾಗುತ್ತೆ: ತಗಡು ತೆಳ್ಳಗಿರುವ ಮಾಲು ಕೈಯಲ್ಲೇ ಹಗುರ.

ಎಷ್ಟು ಬಿಗಿ? ಟಾರ್ಕ್ ರೆಂಚ್ (ಬಿಗಿ ಅಳೆದು ತೋರಿಸುವ ಸ್ಪ್ಯಾನರ್) ಇದ್ದರೆ 6 ಮಿ.ಮೀ. ಸ್ಟಡ್ಡಿಗೆ ಸುಮಾರು 10 ನ್ಯೂಟನ್ ಮೀಟರ್. ಇಲ್ಲದಿದ್ದರೆ ಟಿ ಸ್ಪ್ಯಾನರನ್ನು ಮಣಿಕಟ್ಟಿನ ಬಲದಿಂದ ಮಾತ್ರ ತಿರುಗಿಸಿ, ಭುಜ ಸೇರಿಸಬೇಡಿ. ಒಂದು ದಿನ ಓಡಿಸಿ, ತಣ್ಣಗಾದ ಮೇಲೆ ಮತ್ತೊಮ್ಮೆ ನೋಡಿ. ಉಂಗುರ ಇನ್ನಷ್ಟು ಕೂತಿರುತ್ತೆ, ನಟ್ಟು ಚೂರು ತಿರುಗುತ್ತೆ. ಮೊದಲ ದಿನ ಬರುವ ಹೊಗೆ, ವಾಸನೆಗೆ ಹೆದರಬೇಡಿ, ಅದು ಹೊಸ ಸೈಲೆನ್ಸರಿಗೆ ಹಚ್ಚಿದ ಎಣ್ಣೆ ಉರಿಯುವುದು.

ಪ್ರಶ್ನೆ: ತಮ್ಮನೂ ನಾನೂ ಸೇರಿ ಪಲ್ಸರ್ 150ಕ್ಕೆ ಸೈಲೆನ್ಸರ್ ಬದಲಿಸಿದೆವು. ಈಗ ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟರೆ ಹಿಂದಿನಿಂದ 'ಪಟ್ ಪಟ್' ಅನ್ನುತ್ತೆ. ಮೊದಲು ಇರಲಿಲ್ಲ. ನಾವು ಏನು ತಪ್ಪು ಮಾಡಿದ್ದೇವೆ?
— ಬ್ಯಾಂಕ್ ಉದ್ಯೋಗಿ, ಹಾಸನ

ಉತ್ತರ: ಗಾಳಿ ಒಳಗೆ ಹೋಗುತ್ತಿದೆ ತಾಯಿ. ಹೊಗೆ ಹೊರಗೆ ಬರುವುದನ್ನು ಎಲ್ಲರೂ ಯೋಚಿಸುತ್ತಾರೆ, ಆದರೆ ಆಕ್ಸಿಲರೇಟರ್ ಬಿಟ್ಟ ಕ್ಷಣ ಪೈಪಿನೊಳಗೆ ಒತ್ತಡ ಏರಿಳಿದು ಸಂದಿನಿಂದ ಹೊರಗಿನ ಗಾಳಿಯನ್ನು ಎಳೆದುಕೊಳ್ಳುತ್ತೆ. ಉರಿಯದೆ ಉಳಿದ ಪೆಟ್ರೋಲ್ ಆವಿಗೆ ಗಾಳಿ ಸಿಕ್ಕಿ ಸೈಲೆನ್ಸರಿನೊಳಗೇ ಹೊತ್ತಿಕೊಳ್ಳುತ್ತೆ. ಅದೇ ಪಟ್ ಪಟ್.

ಹೆಡ್ಡಿನ ಸಂದಿನ ಸುತ್ತ ಕಪ್ಪು ಮಸಿಗೆರೆ ಇದೆಯಾ ನೋಡಿ. ಇದ್ದರೆ ಹುಡುಕುವ ಕೆಲಸ ಮುಗಿಯಿತು. ಇಲ್ಲದಿದ್ದರೆ ಎಂಜಿನ್ ಆಫ್ ಇರುವಾಗ ಮನೆಯ ವ್ಯಾಕ್ಯೂಮ್ ಕ್ಲೀನರಿನ ಗಾಳಿ ಊದುವ ಬಾಯನ್ನು ಸೈಲೆನ್ಸರಿನ ಬಾಲಕ್ಕೆ ಬಟ್ಟೆ ಸುತ್ತಿ ಹಿಡಿಯಿರಿ, ತಮ್ಮ ಸಂದುಗಳಿಗೆಲ್ಲ ಸೋಪಿನ ನೀರು ಹಚ್ಚಲಿ. ಗುಳ್ಳೆ ಎಲ್ಲಿ ಏಳುತ್ತೋ ಅಲ್ಲಿ ಲೀಕ್. ಓಡುತ್ತಿರುವ ಬಿಸಿ ಎಂಜಿನ್ನಿಗೆ ಕೈ ತಾಗಿಸುವ ಅಪಾಯವೇ ಇಲ್ಲ. ಹೆಡ್ಡಿನ ಹತ್ತಿರ ಗುಳ್ಳೆ ಬಂದರೆ ಮೇಷ್ಟ್ರಿಗೆ ಮೇಲೆ ಬರೆದ ಉಂಗುರದ ಕತೆ ಓದಿ. ಇನ್ನೊಂದು ವಿಷಯ: ಹೊಗೆ ಕಡಿಮೆ ಮಾಡಲು ಹೆಡ್ಡಿನ ಹೊಗೆಬಾಯಿಗೆ ಬೇಕೆಂದೇ ಸ್ವಲ್ಪ ಗಾಳಿ ಬಿಡುವ ತೆಳ್ಳನೆಯ ಪೈಪು ಬಹಳಷ್ಟು ಗಾಡಿಗಳಲ್ಲಿರುತ್ತೆ. ನಿಮ್ಮದರಲ್ಲೂ ಇದ್ದರೆ, ಕೆಲಸದ ಗಡಿಬಿಡಿಯಲ್ಲಿ ಅದು ಕಳಚಿಕೊಂಡಿಲ್ಲ ತಾನೇ ಎಂದು ನೋಡಿ. ಇದ್ಯಾವುದೂ ಇಲ್ಲದಿದ್ದರೆ ಮಾತ್ರ ಕಾರ್ಬ್ಯುರೇಟರ್ ಮುಟ್ಟಿ. ನಮ್ಮವರು ಮೊದಲು ಅದಕ್ಕೇ ಕೈ ಹಾಕುವುದು.

ಪ್ರಶ್ನೆ: ಸರ್, ನನ್ನದು 2022ರ ಕ್ಲಾಸಿಕ್ 350. ಜೋರಾಗಿ ಸದ್ದು ಮಾಡೋ 'ಪಂಜಾಬ್' ಸೈಲೆನ್ಸರ್ ಹಾಕ್ಬೇಕು ಅಂತ ಆಸೆ. ಪಿಕಪ್ ಜಾಸ್ತಿ ಆಗುತ್ತೆ ಅಂತಾರೆ ಫ್ರೆಂಡ್ಸ್. ಮನೇಲೇ ಹಾಕೋದು ಹೇಗೆ? ಅಪ್ಪನಿಗೆ ಇಷ್ಟ ಇಲ್ಲ.
— ಡಿಗ್ರಿ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಅಪ್ಪನ ಜೊತೆ ನನ್ನನ್ನೂ ಸೇರಿಸಿಕೊ ತಮ್ಮಾ.

ನಿನ್ನ ಗಾಡಿ 349 ಸಿಸಿ. 4000 ಆರ್‌ಪಿಎಂಗೇ 27 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ, ಕೊಡುವ ಹಾಗೆ ಕಟ್ಟಿದ ಎಂಜಿನ್. ಅಂದರೆ ನಿಧಾನದಲ್ಲಿ ಎಳೆಯುವುದೇ ಅದರ ಗುಣ. ಪ್ರತಿ ಸಲ ಹೊಗೆ ಹೊರಗೆ ಬಂದಾಗ ಪೈಪಿನಲ್ಲಿ ಒತ್ತಡದ ಅಲೆಯೊಂದು ಓಡುತ್ತೆ, ಪೈಪು ಅಗಲವಾಗುವ ಕಡೆ ತಿರುಗಿ ವಾಪಸ್ ಬರುತ್ತೆ. ಆ ವಾಪಸ್ ಅಲೆ ಸರಿಯಾದ ಹೊತ್ತಿಗೆ ಬಂದರೆ ಸಿಲಿಂಡರಿನಲ್ಲಿ ಉಳಿದ ಹೊಗೆಯನ್ನು ಎಳೆದು ಹಾಕುತ್ತೆ. ಪೈಪಿನ ಉದ್ದ, ಅಗಲ, ಒಳಗಿನ ಕೋಣೆಗಳನ್ನು ಕಂಪನಿ ಎಂಜಿನಿಯರುಗಳು ಲೆಕ್ಕ ಹಾಕಿ ಇಡುವುದು ಇದಕ್ಕೂ ಸೇರಿ. 'ಪಂಜಾಬ್'ನಂಥ ಖಾಲಿ ಕೊಳವೆ ಹಾಕಿದರೆ ಆ ಲೆಕ್ಕ ಹೋಯಿತು. 'ಎಂಜಿನ್ನಿಗೆ ಬ್ಯಾಕ್ ಪ್ರೆಷರ್ ಬೇಕು' ಎಂದು ಹೇಳುವವರದ್ದೂ ಅರ್ಧ ಸತ್ಯ. ಬೇಕಾಗಿರುವುದು ತಡೆ ಅಲ್ಲ, ಅಲೆಯ ಹೊತ್ತು. ಸದ್ದು ಜೋರಾದಾಗ ಪಿಕಪ್ ಜಾಸ್ತಿಯಾದ ಹಾಗೆ ಕಿವಿಗೆ ಅನ್ನಿಸುತ್ತೆ. ಗಡಿಯಾರ ಹಿಡಿದು ನೋಡು, ಗೊತ್ತಾಗುತ್ತೆ.

ಇದು ಬಿಎಸ್6 (ಸರ್ಕಾರದ ಹೊಗೆ ಮಿತಿಯ ಮಾನದಂಡ) ಗಾಡಿ ಬೇರೆ. ಬೆಂಡ್ ಪೈಪಿನಲ್ಲಿ ಆಕ್ಸಿಜನ್ ಸೆನ್ಸರ್ ಇದೆ, ಹೊಗೆಯ ದಾರಿಯಲ್ಲಿ ಅದರ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಇದೆ. ಸೆನ್ಸರ್ ನೋಡಿಕೊಂಡು ಪೆಟ್ರೋಲ್ ಹೆಚ್ಚುಕಡಿಮೆ ಮಾಡುವುದು ಗಾಡಿ ಸಮವೇಗದಲ್ಲಿ ಹೋಗುವಾಗ. ಪೂರ್ತಿ ಆಕ್ಸಿಲರೇಟರ್ ತಿರುವಿದಾಗ ಇಸಿಯು (ಎಂಜಿನ್ ನಡೆಸುವ ಪುಟ್ಟ ಕಂಪ್ಯೂಟರ್) ತನ್ನೊಳಗೆ ಬರೆದಿಟ್ಟ ಲೆಕ್ಕದ ಪ್ರಕಾರವೇ ಪೆಟ್ರೋಲ್ ಬಿಡುತ್ತೆ. ಆ ಲೆಕ್ಕ ಕಂಪನಿ ಸೈಲೆನ್ಸರಿನದು. ಕ್ಯಾಟ್ ಕಿತ್ತು ಹಾಕಿದರೆ ಎಮಿಷನ್ ಟೆಸ್ಟಿನಲ್ಲಿ ಸಿಕ್ಕಿಬೀಳಬಹುದು. ಅದರೊಳಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಎಂಬ ದುಬಾರಿ ಲೋಹಗಳ ಲೇಪ ಇರುತ್ತೆ. 'ಹಳೆ ಸೈಲೆನ್ಸರ್ ಕೊಟ್ಟುಬಿಡು, ಫಿಟ್ಟಿಂಗ್ ಫ್ರೀ' ಎನ್ನುವವನ ಔದಾರ್ಯ ಎಲ್ಲಿಂದ ಬರುತ್ತೆ ಎಂದು ಈಗ ಅರ್ಥವಾಯಿತಾ?

ಇನ್ನು ಕಾನೂನು. 175 ಸಿಸಿಗಿಂತ ದೊಡ್ಡ ಬೈಕು ಕಾರ್ಖಾನೆಯಿಂದ ಹೊರಬೀಳುವಾಗ ಅದರ ಸದ್ದು 80 ಡೆಸಿಬೆಲ್ ದಾಟುವಂತಿಲ್ಲ. ಮೋಟಾರು ವಾಹನ ಕಾಯ್ದೆಯ 190(2)ನೇ ಸೆಕ್ಷನ್ ಪ್ರಕಾರ ಸದ್ದು, ಹೊಗೆಯ ನಿಯಮ ಮುರಿದರೆ ಮೂರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ, ಜೊತೆಗೆ ಮೂರು ತಿಂಗಳು ಲೈಸೆನ್ಸ್ ಅನರ್ಹ. ಗಾಡಿಯನ್ನು ಮಾರ್ಪಾಡು ಮಾಡಿದ ಮಾಲೀಕರಿಗೆ 182ಎ(4) ಬೇರೆ ಇದೆ: ಆರು ತಿಂಗಳವರೆಗೆ ಜೈಲು ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಎರಡೂ. ಆರ್‌ಸಿ ಯಾರ ಹೆಸರಲ್ಲಿದೆ? ಅಪ್ಪನದ್ದೇ ಇದ್ದರೆ ಅವರಿಗೆ ಯಾಕೆ ಇಷ್ಟ ಇಲ್ಲ ಅಂತ ಮತ್ತೆ ಕೇಳಬೇಡ. ಪೊಲೀಸರು ಕಿತ್ತ ಸೈಲೆನ್ಸರ್‌ಗಳನ್ನು ರಸ್ತೆಯಲ್ಲಿ ಸಾಲಾಗಿ ಮಲಗಿಸಿ ರೋಡ್ ರೋಲರ್ ಹತ್ತಿಸುವ ವಿಡಿಯೊ ನೀನೂ ನೋಡಿರುತ್ತೀಯ.

ಪ್ರಶ್ನೆ: ರೀ ಸರ, ನಟ್ ಬಿಚ್ಚಾಕ ಪಾನಾ ಹಾಕಿ ಜಗ್ಗಿದ್ರ ಸ್ಟಡ್ಡ ಅರ್ಧಕ್ಕ ಮುರದು ಕೈಯಾಗ ಬಂತು. ಇನ್ನರ್ಧ ಹೆಡ್ಡಿನಾಗ ಐತಿ. ಹೆಡ್ಡ ಬದಲಾಸಬೇಕೇನ್ರಿ?
— ರೈತರು, ಗದಗ

ಉತ್ತರ: ಬೇಡ ಅಣ್ಣಾವರೇ, ಹೆಡ್ಡು ಉಳಿಯುತ್ತೆ. ಉಳಿದ ತುಂಡು ಎಷ್ಟು ಹೊರಗಿದೆ ಎನ್ನುವುದರ ಮೇಲೆ ದಾರಿ. ಎರಡು ನಟ್ಟು ಕೂರುವಷ್ಟು ಹೊರಗಿದ್ದರೆ ಎರಡನ್ನೂ ಒಂದಕ್ಕೊಂದು ಬಿಗಿ ಮಾಡಿ, ಒಳಗಿನ ನಟ್ಟಿಗೆ ಪಾನಾ ಹಾಕಿ ಬಿಚ್ಚಿ, ಸ್ಟಡ್ಡೇ ಬರುತ್ತೆ. ಸ್ವಲ್ಪವೇ ಹೊರಗಿದ್ದರೆ ವೆಲ್ಡಿಂಗ್ ಅಂಗಡಿಯಲ್ಲಿ ಅದರ ತುದಿಗೆ ಒಂದು ನಟ್ಟು ಬೆಸೆಸಿ. ಬೆಸುಗೆಯ ಶಾಖಕ್ಕೆ ತುಕ್ಕೂ ಸಡಿಲವಾಗುತ್ತೆ, ತಿರುಗಿಸಲು ಹಿಡಿಯೂ ಸಿಗುತ್ತೆ. ವೆಲ್ಡಿಂಗ್ ಮುಂಚೆ ಬ್ಯಾಟರಿ ವೈರ್ ಎರಡೂ ಕಳಚಿ, ಪೆಟ್ರೋಲ್ ಟ್ಯಾಂಕ್ ಇಳಿಸಿ. ಹೊಸ ಗಾಡಿಯಾದರೆ ಇಸಿಯು ಕಪ್ಲರನ್ನೂ ತೆಗೆಯಿರಿ.

ಹೆಡ್ಡಿನ ಮಟ್ಟಕ್ಕೇ ಮುರಿದಿದ್ದರೆ ಮನೆಯಲ್ಲಿ ಕೈ ಡ್ರಿಲ್ಲು ಹಿಡಿಯಬೇಡಿ. ಉಕ್ಕಿಗಿಂತ ಅಲ್ಯುಮಿನಿಯಂ ಮೆತ್ತಗಿದೆ, ಡ್ರಿಲ್ಲು ಜಾರಿ ಪಕ್ಕಕ್ಕೆ ಇಳಿದುಬಿಡುತ್ತೆ. ಸ್ಟಡ್ ತೆಗೆಯುವ ಎಕ್ಸ್‌ಟ್ರಾಕ್ಟರ್ ಎಂಬ ತಿರುಪು ಮೊಳೆ ಸಿಗುತ್ತೆ, ಅದು ಒಳಗೇ ಮುರಿದರೆ ಅದನ್ನು ಕೊರೆಯುವ ಡ್ರಿಲ್ಲು ನಿಮ್ಮೂರಲ್ಲಿ ಸಿಗಲ್ಲ. ಹೆಡ್ಡು ಬಿಚ್ಚಿ ಲೇತ್ ಅಂಗಡಿಗೆ ಒಯ್ಯಿರಿ. ಮಧ್ಯಕ್ಕೆ ಸರಿಯಾಗಿ ಕೊರೆದು ತೆಗೆಯುತ್ತಾರೆ, ಥ್ರೆಡ್ ಕೆಟ್ಟಿದ್ದರೆ ಹೆಲಿಕಾಯಿಲ್ ಎಂಬ ಉಕ್ಕಿನ ಸುರುಳಿ ಕೂರಿಸುತ್ತಾರೆ. ಆ ಥ್ರೆಡ್ ಮೊದಲಿನದಕ್ಕಿಂತಲೂ ಗಟ್ಟಿ.

ಪ್ರಶ್ನೆ: ತಂದೆಯವರ ಹಳೆಯ ಯೆಜ್ಡಿ 250 ಮತ್ತೆ ಓಡಿಸಬೇಕೆಂದಿದ್ದೇನೆ. ಸೈಲೆನ್ಸರ್ ಪೈಪಿನ ದುಂಡನೆಯ ನಟ್ಟಿಗೆ ಯಾವ ಸ್ಪ್ಯಾನರೂ ಕೂರುತ್ತಿಲ್ಲ. ಉಳಿ ಇಟ್ಟು ಸುತ್ತಿಗೆಯಿಂದ ಹೊಡೆಯಲು ಮೆಕ್ಯಾನಿಕ್ ಒಬ್ಬರು ಹೇಳಿದರು.
— ತುಮಕೂರಿನ ಓದುಗರು

ಉತ್ತರ: ಆ ಮೆಕ್ಯಾನಿಕ್ಕಿಗೆ ನಮಸ್ಕಾರ ಹೇಳಿ ಗಾಡಿ ಮನೆಗೆ ತನ್ನಿ. ಉಳಿ ಏಟಿಗೆ ನಟ್ಟು ಒಡೆದರೆ ಇನ್ನೊಂದು ಹುಡುಕಬಹುದು. ಸಿಲಿಂಡರಿನ ಹೊಗೆಬಾಯಿಯ ಥ್ರೆಡ್ ಒಡೆದರೆ ಸಿಲಿಂಡರೇ ಹೋಯಿತು. ಯೆಜ್ಡಿ ತಯಾರಿಸುತ್ತಿದ್ದ ನಮ್ಮ ಮೈಸೂರಿನ ಯಾದವಗಿರಿಯ ಕಾರ್ಖಾನೆ 1996ರಲ್ಲೇ ಬಾಗಿಲು ಹಾಕಿದೆ. ಹೊಸ ಕಂಪನಿಯ ಯೆಜ್ಡಿಗಳ ಭಾಗ ಇದಕ್ಕೆ ಹೊಂದಲ್ಲ.

ನಿಮಗೆ ಬೇಕಾದ್ದು ಸಿ-ಸ್ಪ್ಯಾನರ್, ಕೊಕ್ಕೆ ಇರುವಂಥದ್ದು. ಬೆಂಗಳೂರಿನ ಜೆ.ಸಿ. ರಸ್ತೆ, ಕಲಾಸಿಪಾಳ್ಯದಲ್ಲಿ ಕೇಳಿ ನೋಡಿ. ಸಿಗದಿದ್ದರೆ ಲೇತ್ ಅಂಗಡಿಯಲ್ಲಿ ದಪ್ಪ ತಗಡು ಕತ್ತರಿಸಿ ಮಾಡಿಸಿಕೊಳ್ಳಬಹುದು. ಎಣ್ಣೆ ಬಿಟ್ಟು ಒಂದೆರಡು ದಿನ ನೆನೆಸಿ, ಎಂಜಿನ್ ಬಿಸಿ ಮಾಡಿ, ಕೊಕ್ಕೆ ಸರಿಯಾಗಿ ಕೂರಿಸಿ ಹಿಡಿಗೆ ಮರದ ಕೊಡತಿಯಿಂದ ಸಣ್ಣ ಸಣ್ಣ ಏಟು ಕೊಡಿ. ಒಂದು ದೊಡ್ಡ ಏಟಿಗಿಂತ ಹತ್ತು ಸಣ್ಣ ಏಟು ಕೆಲಸ ಮಾಡುತ್ತೆ. ಪೈಪು ಬಂದ ಮೇಲೆ ಸೈಲೆನ್ಸರಿನೊಳಗಿನ ಬ್ಯಾಫಲ್ (ಸದ್ದು ತಗ್ಗಿಸುವ, ರಂಧ್ರಗಳಿರುವ ಒಳಭಾಗ) ಎಳೆದು ನೋಡಿ. ನಿಮ್ಮದು ಟೂ ಸ್ಟ್ರೋಕ್, ಅಂದರೆ ಪೆಟ್ರೋಲಿನ ಜೊತೆ ಎಣ್ಣೆಯೂ ಉರಿಯುವ ಎಂಜಿನ್. ಆ ಎಣ್ಣೆ ಮಸಿ ಗಟ್ಟಿಯಾಗಿ ರಂಧ್ರಗಳೆಲ್ಲ ಮುಚ್ಚಿರುತ್ತವೆ. ಕೆರೆದು ತೆಗೆಯಿರಿ. ಕಾಸ್ಟಿಕ್ ಸೋಡಾದಲ್ಲಿ ನೆನೆಸುವುದಾದರೆ ನೀರಿಗೆ ಸೋಡಾ ಹಾಕಬೇಕೇ ಹೊರತು ಸೋಡಾಕ್ಕೆ ನೀರು ಹಾಕಬಾರದು, ಕೈಗವಸು ಮತ್ತು ಕನ್ನಡಕ ಇರಲೇಬೇಕು, ಅಲ್ಯುಮಿನಿಯಂ ಭಾಗ ಯಾವುದೂ ಅದರಲ್ಲಿ ಬೀಳಬಾರದು. ಸ್ವಚ್ಛವಾದ ಬ್ಯಾಫಲನ್ನು ವಾಪಸ್ ಹಾಕಿ. 'ತೆಗೆದೇ ಓಡಿಸಿ, ಸದ್ದು ಚೆನ್ನಾಗಿರುತ್ತೆ' ಎನ್ನುವವರು ಸಿಕ್ಕೇ ಸಿಗುತ್ತಾರೆ. ಟೂ ಸ್ಟ್ರೋಕಿನಲ್ಲಿ ಹೊರಗೆ ಜಾರುವ ಹಸಿ ಪೆಟ್ರೋಲ್ ಮಿಶ್ರಣವನ್ನು ಸಿಲಿಂಡರಿಗೆ ವಾಪಸ್ ತಳ್ಳುವುದೇ ಆ ಪೈಪಿನ ಅಲೆ. ಅದು ಕೆಟ್ಟರೆ ಎಳೆತವೂ ಕಡಿಮೆ, ಮೈಲೇಜೂ ಕಡಿಮೆ.

ಪ್ರಶ್ನೆ: ಹೊಸ ಕ್ರೋಮ್ ಪೈಪಿನ ಮೇಲೆ ಬೆರಳಿನ ಗುರುತುಗಳು ಕಂದು ಬಣ್ಣದಲ್ಲಿ ಅಚ್ಚಾಗಿವೆ. ಏನು ಮಾಡಿದರೂ ಹೋಗುತ್ತಿಲ್ಲ.
— ಮಡಿಕೇರಿ

ಉತ್ತರ: ಕೈಯ ಎಣ್ಣೆ ಮೊದಲ ಬಿಸಿಗೇ ಸುಟ್ಟು ಕೂತಿದೆ. ಕ್ರೋಮ್ ಪಾಲಿಶ್ ಹಚ್ಚಿ ಮೆತ್ತನೆಯ ಬಟ್ಟೆಯಿಂದ ಉಜ್ಜಿದರೆ ಮಸುಕಾಗುತ್ತೆ, ಪೂರ್ತಿ ಹೋಗುವ ಭರವಸೆ ಕೊಡಲಾರೆ. ಹೊಸ ಪೈಪು ಹಾಕುವವರು ಮೊದಲ ಸಲ ಚಾಲೂ ಮಾಡುವ ಮುಂಚೆ ಬಟ್ಟೆಗೆ ಥಿನ್ನರ್ ಹಾಕಿ ಒರೆಸಿ, ಅದು ಆರಿದ ಮೇಲೆ ಸ್ಟಾರ್ಟ್ ಮಾಡಿ. ಹೆಡ್ಡಿನ ಹತ್ತಿರ ಬರುವ ನೀಲಿ ಬಣ್ಣ ಬೇರೆ. ಅದು ಶಾಖದ್ದು, ಸ್ವಲ್ಪ ಇರುವುದು ಸಹಜ. ಗಾಢ ನೀಲಿ ಪೈಪಿನುದ್ದಕ್ಕೂ ಹರಡುತ್ತಿದ್ದರೆ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗಿದೆಯೇ ಎಂದು ತೋರಿಸಿ.

ಪ್ರಶ್ನೆ: ಸೈಲೆನ್ಸರ್ ತೂತಿಗೆ ಎಂ-ಸೀಲ್ ಹಚ್ಚಿದರೆ ನಿಲ್ಲುತ್ತದೆಯೇ?
— ರಾಯಚೂರು

ಉತ್ತರ: ನಲ್ಲಿಗೆ ನಿಲ್ಲುತ್ತೆ, ಸೈಲೆನ್ಸರಿಗೆ ನಿಲ್ಲಲ್ಲ, ಬಿಸಿಗೆ ಸುಟ್ಟು ಉದುರುತ್ತೆ. ಸೈಲೆನ್ಸರಿಗೆಂದೇ ಬರುವ ಪೇಸ್ಟ್ ಇದೆ, ಅದು ಕೆಲವು ವಾರ ತಳ್ಳುತ್ತೆ. ಸುತ್ತಲಿನ ತಗಡು ಗಟ್ಟಿ ಇದ್ದರೆ ಸೈಲೆನ್ಸರ್ ಬಿಚ್ಚಿ ಗ್ಯಾಸ್ ವೆಲ್ಡಿಂಗ್ ಮಾಡಿಸಿ. ಬೆರಳಿನಿಂದ ಒತ್ತಿದರೆ ತಗಡು ಒಳಗೆ ಹೋಗುತ್ತದೋ, ಹೊಸದಕ್ಕೆ ದುಡ್ಡು ಹೊಂದಿಸಿಕೊಳ್ಳಿ.